ಕಾಳಿಯನ್ನು ಹಡಗಿನಲ್ಲಿ ಫ್ರಾನ್ಸಿಗೆ ಕರೆದುಕೊಂಡು ಹೋಗಬೇಕು, ಯಾರಿಗಾದರೂ ಅನುಭವ ಇದೆಯಾ?

ಗಂಜಿನ ಅಕ್ಕ, ಕಲಬುರಗಿ · 2025ರ ಜುಲೈ 6

ಎಲ್ಲರಿಗೂ ಶರಣು. ವಿಷಯ ಸ್ವಲ್ಪ ದೂರದ್ದು. ಆದರೆ ಕೇಳೋಣ ಅಂದರೆ ನಮ್ಮ ಮಂದಿ ಬಿಟ್ಟು ಬೇರೆ ಯಾರೂ ನೆನಪಾಗಲಿಲ್ಲ.

ನಮ್ಮ ಕಾಳಿ ನಿಮ್ಮಲ್ಲಿ ಕೆಲವರಿಗೆ ಗೊತ್ತು. 2019ರಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿದ ಮೂರನೆಯ ದಿನ, ಗುಡಿಯ ಹಿಂದಿನ ಓಣಿಯಲ್ಲಿ ಗೋಣಿಚೀಲದೊಳಗೆ ಸಿಕ್ಕ ಮರಿ. ಊರ ನಾಯಿಯೇ. ಮೈಯೆಲ್ಲ ಕಪ್ಪು, ಎದೆಯ ಮೇಲೆ ಮಾತ್ರ ರೂಪಾಯಿ ಅಗಲದ ಬಿಳಿ ಮಚ್ಚೆ. ಮಗಳು ಮನೆಗೆ ತಂದಳು, ಅವಳ ಕೈಯಿಂದಲೇ ಬೆಳೆಯಿತು. ಮದುವೆಯಾಗಿ ಇಂಗ್ಲೆಂಡಿಗೆ ಹೊರಟಾಗ ಕಾಳಿಯನ್ನು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದಳು. 2023ರ ಮೇ ತಿಂಗಳಲ್ಲಿ ಕಾಳಿಯೂ ವಿಮಾನದ ಕಾರ್ಗೋದಲ್ಲಿ ಲಂಡನ್ನಿಗೆ ಹೋದಳು. ಈಗ ಎಲ್ಲರೂ ಕೆಂಟ್ ಕಡೆ ಇದ್ದಾರೆ.

ಆಗಸ್ಟ್‌ನಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋಗುತ್ತಿದ್ದೇವೆ. ಅಳಿಯ ಒಂದು ವಾರ ಫ್ರಾನ್ಸ್ ನೋಡಿಕೊಂಡು ಬರೋಣ ಎನ್ನುತ್ತಿದ್ದಾರೆ. ಡೋವರ್‌ನಿಂದ ಕ್ಯಾಲೆಗೆ ಫೆರಿಯಲ್ಲಿ ಕಾರು ಸಮೇತ ಹೋಗುವುದು. ನಮ್ಮ ವೀಸಾ ಆಗಿದೆ. ಕಾಳಿಯೂ ಬರಬೇಕು.

ನನ್ನ ಚಿಂತೆ ಒಂದೇ. ಆ ಕಾರ್ಗೋ ಪ್ರಯಾಣ ಆದ ಮೇಲೆ ಕಾಳಿ ಒಬ್ಬಳೇ ಇರುವುದಿಲ್ಲ. ಬಾಗಿಲು ಹಾಕಿದರೆ ಉಗುರಿನಿಂದ ಕೆರೆಯುತ್ತಾಳೆ. ಮಗಳ ಮನೆಯ ಬಾಗಿಲಿಗೆ ಕೆಳಗಿನ ಒಂದು ಮೊಳ ಬಣ್ಣವೇ ಇಲ್ಲ, ವಿಡಿಯೋದಲ್ಲಿ ನೋಡಿದ್ದೇನೆ. ಹಡಗಿನಲ್ಲಿ ನಾಯಿಯನ್ನು ಕಾರಿನಲ್ಲೇ ಬಿಟ್ಟು ನಾವು ಮೇಲೆ ಹೋಗಬೇಕಂತೆ. ಒಂದೂವರೆ ತಾಸು ಅಷ್ಟೇ ಎಂದು ಅಳಿಯ ಹೇಳುತ್ತಾರೆ. ಕಾಳಿಗೆ ಒಂದೂವರೆ ತಾಸು ಅಂದರೆ ಏನು ಗೊತ್ತು? ಬಾಗಿಲು ಹಾಕಿತು, ಮಂದಿ ಹೋದರು, ಅಷ್ಟೇ ಅವಳಿಗೆ ಗೊತ್ತು.

ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬೀದರ್ ಕೋಟೆ · ಜುಲೈ 6, ರಾತ್ರಿ

ಅಕ್ಕಾರೇ, ನಾನು ಆರು ವರ್ಷ ಡೋವರ್ ಹತ್ತಿರವೇ ಇದ್ದೆ, ಈಗ ಬೀದರಿಗೆ ವಾಪಸ್ ಬಂದಿದ್ದೇನೆ. ನಮ್ಮ ಲ್ಯಾಬ್ರಡಾರ್ ಕರೆದುಕೊಂಡು ಮೂರು ಸಲ ಕ್ಯಾಲೆಗೆ ಹೋಗಿ ಬಂದಿದ್ದೇವೆ. ಅಲ್ಲಿ ಏನೇನು ಆಗುತ್ತದೆ ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಹಡಗಿನ ಹೊಟ್ಟೆಯೊಳಗೆ ಕಾರು ಓಡಿಸಿಕೊಂಡೇ ಹೋಗುತ್ತೀರಿ. ಒಳಗೆ ಹತ್ತಿ ಗೋದಾಮಿನಷ್ಟು ದೊಡ್ಡ ಕಬ್ಬಿಣದ ಹಜಾರ. ಲಾರಿ ಒಂದು ಕಡೆ, ಕಾರು ಒಂದು ಕಡೆ, ಒಂದರ ಬೆನ್ನಿಗೆ ಒಂದು. ಹ್ಯಾಂಡ್‌ಬ್ರೇಕ್ ಹಾಕಿ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಹಡಗು ಹೊರಟ ಮೇಲೆ ಕಾರಿನ ಅಂತಸ್ತಿಗೆ ಬಾಗಿಲು ಹಾಕುತ್ತಾರೆ. ಆ ದಡ ಮುಟ್ಟುವ ತನಕ ಕೆಳಗೆ ಇಳಿಯುವಂತಿಲ್ಲ. ಕೆಳಗೆ ಸರಪಳಿ ಎಳೆಯುವ ಸದ್ದು, ಡೀಸೆಲ್ ವಾಸನೆ, ಕಾಲಿಗೆ ತಾಕುವ ಎಂಜಿನ್ ನಡುಕ. ನಮ್ಮ ನಾಯಿ ಮಲಗಿಯೇ ಇರುತ್ತಿತ್ತು. ಆದರೆ ಅದಕ್ಕೆ ಮರಿ ಇದ್ದಾಗಿನಿಂದ ಕಾರಿನಲ್ಲಿ ಒಂದೇ ಇದ್ದು ರೂಢಿ. ನಿಮ್ಮ ಕಾಳಿಯ ವಿಷಯ ಬೇರೆ.

ಒಂದು ಮಾತು ಮರೆಯಬೇಡಿ. ಕಾರಿನ ಅಲಾರಂ ಆಫ್ ಮಾಡಿ ಹೋಗಿ. ನಾಯಿ ಒಳಗೆ ಮಗ್ಗುಲು ಬದಲಿಸಿದರೂ ಸಾಕು, ಅದು ಬಡಿದುಕೊಳ್ಳಲು ಶುರು ಮಾಡುತ್ತದೆ. ಮೊದಲ ಸಲ ನಮಗೆ ಇದು ಗೊತ್ತಿರಲಿಲ್ಲ. ಮೇಲೆ ಚಹಾ ಕುಡಿಯುತ್ತಾ ಕೂತಿದ್ದೆವು, ಮೈಕಿನಲ್ಲಿ ನಮ್ಮ ಕಾರಿನ ನಂಬರ್ ಕೂಗಿದರು. ಸಿಬ್ಬಂದಿಯವರ ಜೊತೆ ಕೆಳಗೆ ಹೋಗಿ ನೋಡಿದರೆ ನಾಯಿ ಸೀಟಿನ ಕೆಳಗೆ ತಲೆ ತುರುಕಿಕೊಂಡು ನಡುಗುತ್ತಿತ್ತು. ಆ ದಿನ ನನಗೆ ಆದ ಸಂಕಟ ಇನ್ನೂ ಮರೆತಿಲ್ಲ.

ಈಗ ದಾರಿ ಹೇಳುತ್ತೇನೆ. ಒಂದು, ಡೋವರ್–ಕ್ಯಾಲೆ ಓಡಾಡುವ ಪಿ ಅಂಡ್ ಓ ಕಂಪನಿಯ ಹಡಗುಗಳಲ್ಲಿ ಪೆಟ್ ಲಾಂಜ್ ಅಂತ ಕೋಣೆ ಇರುತ್ತದೆ. ಜಾಸ್ತಿ ದುಡ್ಡು ಕೊಟ್ಟು ಮೊದಲೇ ಬುಕ್ ಮಾಡಿದರೆ ನಾಯಿ ನಿಮ್ಮ ಕಾಲ ಬುಡದಲ್ಲೇ ಇರುತ್ತದೆ. ಇನ್ನೊಂದು, ಹಡಗೇ ಬೇಡ. ಫೋಕ್‌ಸ್ಟನ್‌ನಿಂದ ಸಮುದ್ರದ ಕೆಳಗಿನ ಸುರಂಗದಲ್ಲಿ ರೈಲು ಹೋಗುತ್ತದೆ. ಕಾರನ್ನು ರೈಲಿನೊಳಗೆ ಓಡಿಸಿ, ನೀವೂ ಕಾರಿನಲ್ಲೇ ಕೂರುವುದು. ನಾಯಿಯೂ ಜೊತೆಗೇ. ಬರೀ 35 ನಿಮಿಷ. ಕಾಳಿಯಂಥ ನಾಯಿಗೆ ನನ್ನ ಓಟು ಸುರಂಗಕ್ಕೇ.

ಗಂಜಿನ ಅಕ್ಕ · ಜುಲೈ 7

ಅಣ್ಣಾರೇ, ಬಹಳ ಉಪಕಾರ ಆಯಿತು. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಸುರಂಗ ಆಗುವುದಿಲ್ಲ. ನಮ್ಮ ಮನೆಯವರಿಗೆ ಮುಚ್ಚಿದ ಜಾಗ ಅಂದರೆ ಉಸಿರು ಕಟ್ಟುತ್ತದೆ. ಲಿಫ್ಟ್ ಕೂಡ ಹತ್ತುವುದಿಲ್ಲ. ಕಾಳಿಗಾಗಿ ಅವರನ್ನು ಅಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಹಡಗೇ. ಪೆಟ್ ಲಾಂಜ್ ವಿಷಯ ಮಗಳಿಗೆ ಹೇಳಿದ್ದೇನೆ.

ಪಶುವೈದ್ಯ, ಬೀದರ್ · ಜುಲೈ 7

ಅಮ್ಮಾ, ಹಡಗಿನ ವಿಷಯ ಆಮೇಲೆ. ಮೊದಲು ಒಂದು ಪ್ರಶ್ನೆ. ಕಾಳಿಗೆ ಕೊನೆಯ ರೇಬೀಸ್ ಇಂಜೆಕ್ಷನ್ ಯಾವಾಗ ಆಗಿದೆ?

ಕಾರಣ ಹೇಳುತ್ತೇನೆ. ಬ್ರಿಟನ್‌ನಲ್ಲಿ ನಾಯಿಗಳಲ್ಲಿ ರೇಬೀಸ್ ಇಲ್ಲ. ಹಾಗಾಗಿ ಅಲ್ಲಿನ ವೈದ್ಯರು ಪ್ರತಿ ವರ್ಷದ ಲಸಿಕೆಯ ಜೊತೆ ರೇಬೀಸ್ ಹಾಕುವುದಿಲ್ಲ. ಇಲ್ಲಿಂದ ಹೋದ ನಾಯಿಗಳಿಗೆ ಅಲ್ಲಿ ಲಸಿಕೆಯ ಅವಧಿ ಸುಮ್ನೆ ಮುಗಿದು ಹೋಗಿರುತ್ತದೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ದಯವಿಟ್ಟು ಇವತ್ತೇ ಮಗಳಿಗೆ ಫೋನ್ ಮಾಡಿ, ಪುಸ್ತಕ ತೆಗೆದು ನೋಡಲು ಹೇಳಿ.

ಗಂಜಿನ ಅಕ್ಕ · ಜುಲೈ 8

ಡಾಕ್ಟ್ರೇ, ನೀವು ಹೇಳಿದ್ದೇ ಆಗಿದೆ. ಕೊನೆಯದು 2022ರ ಡಿಸೆಂಬರ್‌ನಲ್ಲಿ, ಇಲ್ಲೇ ಕಲಬುರಗಿಯಲ್ಲಿ. ಒಂದು ವರ್ಷದ್ದು. ಅಲ್ಲಿನ ವೈದ್ಯರು ಇಲ್ಲಿ ಅದು ಬೇಕಾಗಿಲ್ಲ ಎಂದರಂತೆ, ಮಗಳು ಬಿಟ್ಟಳು. ಈಗ ಏನು ಮಾಡಬೇಕು?

ಪಶುವೈದ್ಯ, ಬೀದರ್ · ಜುಲೈ 8

ಗಾಬರಿ ಬೇಡ, ಇನ್ನೂ ಸಮಯ ಇದೆ. ಆದರೆ ದಿನಗಳ ಲೆಕ್ಕ ಸರಿಯಾಗಿ ಇಟ್ಟುಕೊಳ್ಳಬೇಕು.

ಲಸಿಕೆಯ ಅವಧಿ ಒಂದು ದಿನ ತಪ್ಪಿದ್ದರೂ ಹೊಸದಾಗಿ ಹಾಕಿಸಿದ ಹಾಗೆಯೇ ಲೆಕ್ಕ. ಹಾಕಿಸಿದ ಮೇಲೆ 21 ದಿನ ಕಾಯಬೇಕು. ಹಾಕಿಸಿದ ದಿನ ಸೊನ್ನೆ, ಮರುದಿನದಿಂದ ಒಂದು, ಎರಡು ಎಂದು ಎಣಿಸಿ. ಜುಲೈ 12ಕ್ಕೆ ಹಾಕಿಸಿದರೆ ಆಗಸ್ಟ್ 2ರಿಂದ ಹೋಗಬಹುದು. ಸೂಜಿ ಚುಚ್ಚುವ ಮೊದಲು ಚರ್ಮದ ಕೆಳಗಿರುವ ಗುರುತಿನ ಮೈಕ್ರೋಚಿಪ್ ಓದಿಸಿ, ನಂಬರ್ ತಾಳೆ ನೋಡಿಸಿ.

ಎರಡನೆಯದು ಆರೋಗ್ಯ ಪ್ರಮಾಣಪತ್ರ. 2021ರ ಜನವರಿ 1ರಿಂದ ಬ್ರಿಟನ್‌ನಲ್ಲಿ ಕೊಟ್ಟ ಪೆಟ್ ಪಾಸ್‌ಪೋರ್ಟ್ ಯೂರೋಪಿನಲ್ಲಿ ನಡೆಯುವುದಿಲ್ಲ. ಪ್ರತಿ ಪ್ರವಾಸಕ್ಕೂ ಅನಿಮಲ್ ಹೆಲ್ತ್ ಸರ್ಟಿಫಿಕೇಟ್ ಬೇಕು. ಅದನ್ನು ಎಲ್ಲ ಪಶುವೈದ್ಯರೂ ಬರೆಯುವಂತಿಲ್ಲ, ಸರ್ಕಾರ ಅಧಿಕಾರ ಕೊಟ್ಟವರು ಮಾತ್ರ. ಫ್ರಾನ್ಸ್ ಒಳಗೆ ಕಾಲಿಡುವ ಮುಂಚಿನ 10 ದಿನದೊಳಗೆ ಬರೆಸಬೇಕು. ಒಳಗೆ ಹೋದ ಮೇಲೆ ನಾಲ್ಕು ತಿಂಗಳು ನಡೆಯುತ್ತದೆ, ವಾಪಸ್ ಬರುವುದಕ್ಕೂ ಅದೇ ಸಾಕು. ಖರ್ಚು ನೂರು ಪೌಂಡಿನ ಮೇಲೆಯೇ. ಒಬ್ಬೊಬ್ಬರು ಒಂದೊಂದು ರೇಟು ಹೇಳುತ್ತಾರೆ, ಎರಡು ಮೂರು ಕಡೆ ವಿಚಾರಿಸಿ.

ಮೂರನೆಯದನ್ನೇ ಮಂದಿ ಮರೆಯುತ್ತಾರೆ. ಬ್ರಿಟನ್ನಿಗೆ ವಾಪಸ್ ಬರುವ ಮುಂಚೆ ಲಾಡಿಹುಳದ ಔಷಧಿ. ಬ್ರಿಟನ್ ಮುಟ್ಟುವ ಸಮಯಕ್ಕೆ ಕಮ್ಮಿ ಅಂದರೆ 24 ತಾಸು ಆಗಿರಬೇಕು, 120 ತಾಸು ದಾಟಿರಬಾರದು. ಮನೆಯಲ್ಲಿ ಮಾತ್ರೆ ನುಂಗಿಸಿದರೆ ಆಗಲ್ಲ. ವೈದ್ಯರೇ ಕೊಟ್ಟು, ಅದೇ ಕಾಗದದಲ್ಲಿ ಔಷಧಿಯ ಹೆಸರು, ತಾರೀಖು, ಗಂಟೆ ಬರೆದು ಸಹಿ ಹಾಕಬೇಕು. ಯೂರೋಪಿನ ನರಿಗಳಲ್ಲಿ ಒಂದು ಜಾತಿಯ ಲಾಡಿಹುಳ ಇದೆ, ನಾಯಿಯಿಂದ ಮನುಷ್ಯರ ಯಕೃತ್ತಿಗೂ ಸೇರುತ್ತದೆ. ಬ್ರಿಟನ್‌ನಲ್ಲಿ ಅದು ಇಲ್ಲ. ಒಳಗೆ ಬಿಡಬಾರದು ಎಂದೇ ಅಷ್ಟು ಕಟ್ಟುನಿಟ್ಟು.

ಹಡಗಿನಲ್ಲಿ ವಾಂತಿ ಆಗದಿರಲು ಹೊರಡುವ ನಾಲ್ಕೈದು ತಾಸು ಮೊದಲೇ ಸ್ವಲ್ಪ ಊಟ ಕೊಟ್ಟು ನಿಲ್ಲಿಸಿ, ನೀರು ಕೊಡುತ್ತಿರಿ. ಜೊಲ್ಲು ಜಾಸ್ತಿ ಸುರಿಸುವುದು, ಪದೇ ಪದೇ ತುಟಿ ನೆಕ್ಕುವುದು ಕಂಡರೆ ಹೊಟ್ಟೆ ತೊಳೆಸುತ್ತಿದೆ ಎಂದು ಅರ್ಥ. ಅದಕ್ಕೆ ಒಳ್ಳೆಯ ಮಾತ್ರೆ ಇದೆ, ವೈದ್ಯರನ್ನು ಕೇಳಿ. ನಿದ್ದೆ ಮಾತ್ರೆ ಮಾತ್ರ ಬೇಡ. ಮಂಪರಿನಲ್ಲಿ ಇರುವ ನಾಯಿ ಒಂದೇ ಇದ್ದಾಗ ಏನಾದರೂ ಆದರೆ ನೋಡುವವರು ಯಾರು?

ಮತ್ತೆ ಒಂದು ಕೆಲಸ. ಕಾಳಿ ದಿನಾ ಮಲಗುವ ಬಟ್ಟೆ, ತೊಳೆಯದೆ, ಹಾಗೇ ಒಯ್ಯಿರಿ.

ಸುರಪುರದವ · ಜುಲೈ 9

ಅಕ್ಕಾರೇ, ನನ್ನ ಮಾತು ನಿಮಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ.

ನಮ್ಮ ಊರು ಕೃಷ್ಣಾ ದಂಡೆ. ನಾನು ಸಣ್ಣವನಿದ್ದಾಗ ಹೊಳೆ ದಾಟಲು ಹರಿಗೋಲೇ ಗತಿ. ನಮ್ಮ ಅಜ್ಜ ಆಚೆ ದಂಡೆಯ ಹೊಲಕ್ಕೆ ಹೋಗುವಾಗ ಅವರ ನಾಯಿಯೂ ಬರುತ್ತಿತ್ತು. ಹರಿಗೋಲಿನವನು ಅದನ್ನು ಹತ್ತಿಸುತ್ತಿರಲಿಲ್ಲ, ಅಲ್ಲಾಡಿದರೆ ಬುಟ್ಟಿ ಮಗುಚುತ್ತದೆ ಎಂದು. ಅದು ದಂಡೆಯಲ್ಲಿ ಎರಡು ಸಲ ಸುತ್ತು ಹಾಕಿ, ಬೊಗಳಿ, ಕಡೆಗೆ ನೀರಿಗೆ ಬಿದ್ದು ಈಜಿಕೊಂಡು ಹಿಂದೆ ಬರುತ್ತಿತ್ತು. ಒಂದು ಮಳೆಗಾಲ ಹೊಳೆ ತುಂಬಿ ಬಂದಿತ್ತು. ಅಜ್ಜ ಬೇಡ ಎಂದು ಕಲ್ಲು ತೋರಿಸಿ ಓಡಿಸಿದರೂ ನಾಯಿ ಕೇಳಲಿಲ್ಲ, ನೀರಿಗೆ ಹಾರಿತು. ನಡು ಹೊಳೆಯ ತನಕ ಅದರ ತಲೆ ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ. ಅಜ್ಜ ಮತ್ತೆ ನಾಯಿ ಸಾಕಲಿಲ್ಲ. ಅವತ್ತು ಮನೆಯಲ್ಲೇ ಕಟ್ಟಿ ಬರಬೇಕಿತ್ತು ಎಂದು ಸಾಯುವ ತನಕ ಹೇಳುತ್ತಿದ್ದರು.

ಅದಕ್ಕೇ ಕೇಳುತ್ತೇನೆ. ಪ್ರವಾಸ ನಮಗೆ ಬೇಕು, ನಾಯಿಗೆ ಬೇಕಾ? ಒಂದು ವಾರ ಗುರುತಿನವರ ಮನೆಯಲ್ಲಿ ಬಿಟ್ಟರೆ ಅದಕ್ಕೆ ಈ ಸದ್ದು, ಸೂಜಿ, ಹಡಗು ಒಂದೂ ಇರುವುದಿಲ್ಲ ಅಲ್ವಾ?

ತೊಗರಿ ಹೊಲ, ಕಲಬುರಗಿ · ಜುಲೈ 9

ಸುರಪುರದ ಅಣ್ಣನ ಮಾತಿನಲ್ಲಿ ಸತ್ಯ ಇದೆ. ನಾವು ಮೂರು ವರ್ಷದ ಹಿಂದೆ ನಮ್ಮ ನಾಯಿಯನ್ನು ರೈಲಿನಲ್ಲಿ ಬೆಂಗಳೂರಿಗೆ ಒಯ್ದೆವು. ಫಸ್ಟ್ ಎಸಿಯಲ್ಲಿ ಇಡೀ ಕೂಪೆ ನಮ್ಮ ಹೆಸರಿಗೇ ಸಿಕ್ಕರೆ ಮಾತ್ರ ನಾಯಿ ಜೊತೆಗಿರಬಹುದು. ನಮಗೆ ಸಿಗಲಿಲ್ಲ. ಇನ್ನೊಂದು ದಾರಿ ಅಂದರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆ. ಅದರಲ್ಲಿ ಹಾಕಿದೆವು. ಪ್ರತಿ ದೊಡ್ಡ ಸ್ಟೇಷನ್ನಿಗೆ ಓಡಿ ಹೋಗಿ ನೀರು ಕೊಟ್ಟು ಬಂದೆ. ಬೆಂಗಳೂರಿನಲ್ಲಿ ಎರಡು ದಿನ ಅನ್ನ ಮುಟ್ಟಲಿಲ್ಲ. ತಪ್ಪು ಯಾರದೂ ಅಲ್ಲ, ಗಾರ್ಡ್ ಸಾಹೇಬರು ಬಹಳ ಒಳ್ಳೆಯವರು. ಆದರೆ ನಾಯಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಜೊತೆಗೆ ಇಟ್ಟುಕೊಳ್ಳಲು ಆಗುವುದಾದರೆ ಮಾತ್ರ ಒಯ್ಯಿರಿ.

ಗಂಜಿನ ಅಕ್ಕ · ಜುಲೈ 9, ರಾತ್ರಿ

ಅಣ್ಣಾ, ಬೇಜಾರೇನೂ ಇಲ್ಲ. ನಿಮ್ಮ ಅಜ್ಜನ ನಾಯಿಯ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಬಿಟ್ಟು ಹೋಗುವುದನ್ನೂ ನೋಡಿದ್ದಾರೆ. ಹೋದ ವರ್ಷ ನಾಲ್ಕು ದಿನಕ್ಕೆ ನಾಯಿ ನೋಡಿಕೊಳ್ಳುವವರ ಹತ್ತಿರ ಬಿಟ್ಟರು. ಎರಡನೆಯ ರಾತ್ರಿಯೇ ಅವರು ಫೋನ್ ಮಾಡಿ, ಇವಳು ತಿನ್ನುತ್ತಿಲ್ಲ, ಬಾಗಿಲ ಬಳಿಯಿಂದ ಏಳುತ್ತಿಲ್ಲ ಎಂದರು. ಮಗಳು ಪ್ರವಾಸ ಬಿಟ್ಟು ವಾಪಸ್ ಬಂದಳು. ಕಾಳಿಗೆ ಊರು ಯಾವುದಾದರೂ ಆದೀತು, ಸದ್ದೂ ಆದೀತು. ನಾವು ಕಣ್ಣ ಮುಂದೆ ಇರಬೇಕು. ಹಾಗಾಗಿ ಬಿಟ್ಟು ಹೋಗುವುದಕ್ಕಿಂತ ಒಯ್ಯುವುದೇ ಅವಳಿಗೆ ಹಗುರ ಎಂದು ನನಗೆ ಅನ್ನಿಸುತ್ತದೆ. ಆದರೆ ಕಾರಿನಲ್ಲಿ ಒಬ್ಬಳನ್ನೇ ಬಿಡುವುದಾದರೆ ನಾವು ಹೋಗುವುದಿಲ್ಲ. ಪೆಟ್ ಲಾಂಜ್ ಸಿಕ್ಕ ದಿನವೇ ನಮ್ಮ ಪ್ರಯಾಣದ ದಿನ. ಇದು ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತು.

ಯಾದಗಿರಿ ತಂಗಿ, ಈಗ ರಾಟರ್‌ಡ್ಯಾಮ್ · ಜುಲೈ 10

ಅಕ್ಕಾ, ಇನ್ನೊಂದು ದಾರಿ ಇದೆ, ನಿಮಗೆ ಉಪಯೋಗ ಆಗದಿದ್ದರೂ ಓದುವ ಬೇರೆಯವರಿಗೆ ಆದೀತು. ಇಂಗ್ಲೆಂಡಿನ ಹಾರ್ವಿಚ್‌ನಿಂದ ಇಲ್ಲಿನ ಹುಕ್ ಆಫ್ ಹಾಲೆಂಡಿಗೆ ಸ್ಟೆನಾ ಲೈನ್ ಹಡಗು ಇದೆ. ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಇಳಿಯುವುದು. ನಾಯಿ ಇರುವವರಿಗೆ ಬೇರೆ ಕ್ಯಾಬಿನ್ ಇವೆ. ಬಾಗಿಲು ಹಾಕಿಕೊಂಡರೆ ನೀವು, ನಿಮ್ಮ ನಾಯಿ, ಅಷ್ಟೇ. ಆದರೆ ಆ ಕ್ಯಾಬಿನ್ ಕಡಿಮೆ, ರಜೆಯ ದಿನಗಳಲ್ಲಿ ಬೇಗ ಮುಗಿಯುತ್ತವೆ. ಕಾರು ಇಲ್ಲದೆ ನಡೆದುಕೊಂಡು ಹತ್ತುವವರೂ ನಾಯಿ ಒಯ್ಯಬಹುದು. ರಾಟರ್‌ಡ್ಯಾಮ್ ಮೆಟ್ರೋ ಬಂದರಿನ ತನಕವೇ ಬರುತ್ತದೆ, ಆ ಕಡೆ ಹಾರ್ವಿಚ್‌ನಲ್ಲಿ ರೈಲು ನಿಲ್ದಾಣ ಬಂದರಿನ ಪಕ್ಕದಲ್ಲೇ ಇದೆ.

ನಮ್ಮ ಅಣ್ಣನ ನಾಯಿಯನ್ನು ಹೀಗೇ ದಾಟಿಸಿದೆವು. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದೆ. ಅದು ಮೂಗನ್ನು ಬಾಗಿಲ ಸಂದಿಗೆ ಇಟ್ಟು, ಕಣ್ಣು ಮುಚ್ಚಿ, ಆಚೆ ಯಾರು ಓಡಾಡುತ್ತಾರೆ ಎಂದು ಕೇಳಿಸಿಕೊಳ್ಳುತ್ತಾ ಮಲಗಿತ್ತು. ಎಂಜಿನ್ ಸದ್ದಿಗೆ ಕಿವಿ ಕೂಡ ನಿಮಿರಲಿಲ್ಲ.

ಶಹಾಬಾದ್ ಕಲ್ಲು · ಜುಲೈ 10

ತಂಗಿ, ಅಕ್ಕಾರೇ, ನನ್ನ ಪ್ರಶ್ನೆ ಸ್ವಲ್ಪ ಪಕ್ಕದ್ದು. ನನಗೆ ಮುಂದಿನ ವರ್ಷ ಇಂಗ್ಲೆಂಡಿನಲ್ಲಿ ಕೆಲಸ. ನಮ್ಮ ಮುಧೋಳ ನಾಯಿ ಇದೆ, ನಾಲ್ಕು ವರ್ಷದ್ದು. ಇಲ್ಲಿಂದ ಒಯ್ಯಲು ಎಷ್ಟು ದಿನ ಮೊದಲು ಶುರು ಮಾಡಬೇಕು?

ಗಂಜಿನ ಅಕ್ಕ · ಜುಲೈ 11

ತಮ್ಮಾ, ನಾಳೆಯೇ ಶುರು ಮಾಡು. ಮತ್ತು ನಮಗೆ ಆದದ್ದು ನಿನಗೆ ಆಗಬಾರದು, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಮೊದಲು ಮೈಕ್ರೋಚಿಪ್. 15 ಅಂಕಿಯದು, ಐಎಸ್‌ಒ ನಮೂನೆಯದೇ ಇರಬೇಕು. ಅದರ ನಂತರವೇ ರೇಬೀಸ್ ಇಂಜೆಕ್ಷನ್. ನಾವು 2022ರ ಆಗಸ್ಟ್‌ನಲ್ಲಿ ಇಂಜೆಕ್ಷನ್ ಹಾಕಿಸಿದೆವು, ಚಿಪ್ ಸೆಪ್ಟೆಂಬರ್‌ನಲ್ಲಿ. ಯಾವುದು ಮೊದಲಾದರೇನು ಎಂದು ಆಗ ನೋಡಿದ ವೈದ್ಯರು ಹೇಳಿದರು, ನಾವೂ ನಂಬಿದೆವು. ಇಂಜೆಕ್ಷನ್ ಕೆಲಸ ಮಾಡಿದೆಯಾ ಎಂದು ನೋಡಲು ರಕ್ತ ತೆಗೆಸಿ, ಪರೀಕ್ಷೆಗೆ ಕಳಿಸಿ, ದುಡ್ಡು ಕಟ್ಟಿ ಎಲ್ಲ ಆದ ಮೇಲೆ, ಕಾಗದ ಬರೆಸಲು ಹೋದಾಗ ತಾರೀಖು ಹಿಂದೆ ಮುಂದೆ ಇರುವುದು ಕಂಡಿತು. ಚಿಪ್ ಇಲ್ಲದ ನಾಯಿಗೆ ಹಾಕಿದ ಇಂಜೆಕ್ಷನ್ ಯಾವ ನಾಯಿಗೆ ಹಾಕಿದ್ದು ಎಂದು ಸಾಬೀತಾಗುವುದಿಲ್ಲ, ಅದಕ್ಕೇ ಲೆಕ್ಕಕ್ಕಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ಇಂಜೆಕ್ಷನ್, ಜನವರಿಯಲ್ಲಿ ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ಜನವರಿಯ ಚಳಿಯಲ್ಲಿ ಹೋಗಬೇಕಾದ ಕಾಳಿ ಮೇ ತಿಂಗಳ ಬಿಸಿಲಿನಲ್ಲಿ ಹೋದಳು. ಹೈದರಾಬಾದಿನ ದಾರಿಯಲ್ಲಿ ಅವಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದದ್ದು ನನಗೆ ಇನ್ನೂ ಕೇಳಿಸುತ್ತದೆ. ಅವಳ ಇವತ್ತಿನ ಹೆದರಿಕೆ ಅಲ್ಲಿಂದಲೇ ಬಂತು ಎಂದು ನನ್ನ ನಂಬಿಕೆ.

ಪಶುವೈದ್ಯ, ಬೀದರ್ · ಜುಲೈ 11

ಅಮ್ಮ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ರಕ್ತವನ್ನು ಇಂಜೆಕ್ಷನ್ ಆಗಿ 30 ದಿನ ಕಳೆದ ಮೇಲೆಯೇ ತೆಗೆಯಬೇಕು. ಒಪ್ಪಿಗೆ ಪಡೆದ ಲ್ಯಾಬ್‌ಗೇ ಕಳಿಸಬೇಕು. ಫಲಿತಾಂಶ ಒಂದು ಮಿಲಿಲೀಟರಿಗೆ 0.5 ಯೂನಿಟ್ ಅಥವಾ ಜಾಸ್ತಿ ಬರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಎಲ್ಲ ಸರಿಯಾಗಿ ನಡೆದರೂ ನಾಲ್ಕು ತಿಂಗಳು ಹೋಗುತ್ತದೆ, ಆರು ತಿಂಗಳು ಕೈಯಲ್ಲಿ ಇಟ್ಟುಕೊಳ್ಳಿ. ಹೊರಡುವ ಮುಂಚೆ ಪ್ರಾಣಿ ಕ್ವಾರಂಟೈನ್ ಕಚೇರಿಯ ಪ್ರಮಾಣಪತ್ರವೂ ಬೇಕು. ನಮ್ಮ ಭಾಗಕ್ಕೆ ಹೈದರಾಬಾದಿನ ಕಚೇರಿ ಹತ್ತಿರ. ಈ ರಕ್ತ ಪರೀಕ್ಷೆ ಭಾರತದಿಂದ ಹೋಗುವ ನಾಯಿಗೆ. ಅಮ್ಮ, ನೀವು ಬ್ರಿಟನ್‌ನಿಂದ ಫ್ರಾನ್ಸಿಗೆ ಹೋಗಿ ಬರುವುದಕ್ಕೆ ಬೇಡ.

ಯಾದಗಿರಿ ತಂಗಿ · ಜುಲೈ 11

ಶಹಾಬಾದ್ ಅಣ್ಣಾ, ವಿಮಾನದಲ್ಲಿ ನೇರ ಬ್ರಿಟನ್ನಿಗೆ ಹೋದರೆ ನಾಯಿ ಕಾರ್ಗೋ ಆಗಿಯೇ ಹೋಗಬೇಕು, ನಿಮ್ಮ ಲಗೇಜಿನ ಜೊತೆ ಬರುವಂತಿಲ್ಲ. ಅದಕ್ಕೇ ಬಹಳ ಮಂದಿ ನಾಯಿ ಜೊತೆ ಯೂರೋಪಿಗೆ ಬಂದು ಇಳಿದು, ಅಲ್ಲಿಂದ ಫೆರಿಯಲ್ಲಿ ದಾಟುತ್ತಾರೆ. ನಾವೂ ಆಮ್‌ಸ್ಟರ್‌ಡ್ಯಾಮಿಗೆ ಬಂದು ಹುಕ್‌ನಿಂದ ದಾಟಿಸಿದ್ದು. ಆಗ ಕಾಗದ ಎರಡು ಬೇಕು, ಯೂರೋಪಿನ ನಮೂನೆಯದು ಒಂದು, ಬ್ರಿಟನ್ ನಮೂನೆಯದು ಒಂದು. ಲಾಡಿಹುಳದ 120 ತಾಸಿನ ಲೆಕ್ಕ ಅಲ್ಲಿಗೂ ಇದೆ. ಊರಲ್ಲಿ ಔಷಧಿ ಕೊಡಿಸಿ ಹೊರಟರೆ ದಾರಿಯಲ್ಲಿ ಸುಮ್ನೆ ದಿನ ಕಳೆಯಬೇಡಿ.

ಬೀದರ್ ಕೋಟೆ · ಜುಲೈ 12

ಅಕ್ಕಾರೇ, ತಿನ್ನುವ ವಿಷಯ ಮರೆತಿದ್ದೆ. ಬ್ರಿಟನ್‌ನಿಂದ ಫ್ರಾನ್ಸಿಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ನಾಯಿಯ ಚಿಕನ್ ಬಿಸ್ಕತ್ತೂ ಅದರಲ್ಲೇ ಬರುತ್ತದೆ. ವೈದ್ಯರು ಬರೆದುಕೊಟ್ಟ ವಿಶೇಷ ಆಹಾರಕ್ಕೆ ಮಾತ್ರ ವಿನಾಯಿತಿ. ಅಲ್ಲೇ ಕೊಂಡುಕೊಳ್ಳಿ. ವಾಪಸ್ ಬರುವಾಗಲೂ 2025ರ ಏಪ್ರಿಲ್ 12ರಿಂದ ಅಲ್ಲಿನ ಚೀಸ್, ದನ, ಕುರಿ, ಆಡು, ಹಂದಿಯ ಮಾಂಸ ತರುವಂತಿಲ್ಲ.

ಪೆಟ್ ಪಾಸ್‌ಪೋರ್ಟ್ ವಾಪಸ್ ತರುವ ಬಗ್ಗೆ 2025ರ ಮೇ ತಿಂಗಳಲ್ಲಿ ಬ್ರಿಟನ್, ಯೂರೋಪ್ ಎರಡೂ ಕಡೆಯವರು ಮಾತಾಡಿಕೊಂಡಿದ್ದಾರೆ. ಜಾರಿಗೆ ಬಂದಿಲ್ಲ. ಈಗ ಹೋಗುವವರು ಅದನ್ನು ನಂಬಿ ಕೂರಬೇಡಿ.

ಗಂಜಿನ ಅಕ್ಕ, ಈಗ ಕೆಂಟ್ · ಸೆಪ್ಟೆಂಬರ್ 14

ಹೋಗಿ ಬಂದೆವು. ಎಲ್ಲರೂ ಕ್ಷೇಮ. ನೀವೆಲ್ಲ ಅಷ್ಟು ಬರೆದಿದ್ದೀರಿ, ಹಾಗಾಗಿ ಏನೂ ಬಿಡದೆ ಹೇಳುತ್ತೇನೆ.

ಜುಲೈ 12ಕ್ಕೇ ರೇಬೀಸ್ ಹಾಕಿಸಿದರು. ಆಗಸ್ಟ್ 22ಕ್ಕೆ ಪ್ರಮಾಣಪತ್ರ. 30ನೇ ತಾರೀಖು ಶನಿವಾರ ಬೆಳಿಗ್ಗೆ ಡೋವರ್‌ಗೆ ಹೋದೆವು. ಫ್ರಾನ್ಸಿನ ಪಾಸ್‌ಪೋರ್ಟ್ ಅಧಿಕಾರಿಗಳು ಡೋವರ್‌ನಲ್ಲೇ ಕೂತಿರುತ್ತಾರೆ. ನಮ್ಮ ಪಾಸ್‌ಪೋರ್ಟ್ ತಿರುವಿ ನೋಡಲು ಸ್ವಲ್ಪ ಹೊತ್ತಾಯಿತು. ಕಾಳಿ ಕಿಟಕಿಯಿಂದ ಮೂಗು ಹೊರಗೆ ಹಾಕಿ ಸಮುದ್ರದ ಗಾಳಿ ಮೂಸುತ್ತಿದ್ದಳು.

ಹಡಗಿನೊಳಗೆ ಕಾರು ನಿಂತ ಮೇಲೆ ಕಷ್ಟ ಶುರುವಾಯಿತು. ಕೋಟೆಯ ಅಣ್ಣ ಹೇಳಿದ ಸದ್ದು ಕೇಳಿದ್ದೇ ಅವಳ ಬಾಲ ಹೊಟ್ಟೆಯ ಕೆಳಗೆ ಸೇರಿತು. ಇಳಿಯಲು ಒಲ್ಲೆ ಎಂದಳು. ಹೇಗೋ ಇಳಿಸಿದರೆ ಮೆಟ್ಟಿಲ ಬಳಿ ನಿಂತುಬಿಟ್ಟಳು. ಕಬ್ಬಿಣದ ಮೆಟ್ಟಿಲು, ಮೇಲಿಂದ ಮಂದಿಯ ಬೂಟಿನ ಸದ್ದು. ನಾಲ್ಕೂ ಕಾಲು ನೆಲಕ್ಕೆ ಒತ್ತಿ ಹಿಡಿದಳು. ಹಿಂದೆ ಮಂದಿ ಸಾಲಾಗಿ ನಿಂತಿದ್ದರು. ಮಗಳು ಎಳೆಯಲು ಹೋದಳು, ಬೇಡ ಎಂದೆ. ನಮ್ಮ ಅಳಿಯ ಬಗ್ಗಿ ಎತ್ತಿಕೊಂಡರು. ಹದಿನೆಂಟು ಕಿಲೋ. ಅವಳು ಅವರ ಹೆಗಲಿಗೆ ಮುಖ ಒತ್ತಿಕೊಂಡಳು, ಮಗು ಒತ್ತಿಕೊಂಡ ಹಾಗೆ.

ಪೆಟ್ ಲಾಂಜ್ ಒಂದು ಸಾಧಾರಣ ಕೋಣೆ. ಕುರ್ಚಿ, ದೊಡ್ಡ ಕಿಟಕಿ, ನೀರಿನ ಬಟ್ಟಲು. ಇನ್ನೂ ನಾಲ್ಕು ನಾಯಿ ಇದ್ದವು. ನಾನು ಡಾಕ್ಟರ್ ಮಾತಿನಂತೆ ಕೌದಿ ತಂದಿದ್ದೆ. ಅದು ನಮ್ಮ ಅತ್ತೆ ಹೊಲಿದ ಕೌದಿ. ಹಳೆಯ ಇಳಕಲ್ ಸೀರೆ, ಧೋತರ ಸೇರಿಸಿ ಹೊಲಿದದ್ದು. ಕಾಳಿ ಮರಿ ಇದ್ದಾಗಿನಿಂದ ಅದರ ಮೇಲೇ ಮಲಗುತ್ತಾಳೆ, ಕಾರ್ಗೋದಲ್ಲೂ ಅದೇ ಹಾಸಿದ್ದೆವು. ನೆಲದ ಮೇಲೆ ಹಾಸಿದೆ. ಕಾಳಿ ಅದರ ಸುತ್ತ ಮೂರು ಸುತ್ತು ಹಾಕಿದಳು. ಒಂದು ಮೂಲೆ ಹರಿದು ಒಳಗಿನ ಹಸಿರು ಬಟ್ಟೆ ಕಾಣುತ್ತದೆ, ಅಲ್ಲಿ ಮೂಗು ತುರುಕಿ ಮಲಗಿದಳು. ನನ್ನ ಕಾಲ ಹೆಬ್ಬೆರಳ ಮೇಲೆ ಅವಳ ಗದ್ದ. ಸುಮಾರು ಇಪ್ಪತ್ತು ನಿಮಿಷ ಆ ಗದ್ದ ನಡುಗುವುದು ನನಗೆ ಗೊತ್ತಾಗುತ್ತಿತ್ತು. ಆಮೇಲೆ ನಿಂತಿತು. ನಾನು ಕಾಲು ಜೋಮು ಹಿಡಿದರೂ ಅಲ್ಲಾಡಿಸಲಿಲ್ಲ. ನಮ್ಮ ಮನೆಯವರು ಕಿಟಕಿಯ ಬಳಿ ನಿಂತು ಡೋವರ್‌ನ ಬಿಳಿ ಬಂಡೆಗಳು ಸಣ್ಣದಾಗುವುದನ್ನು ನೋಡಿದರು. ನಾನು ಅದನ್ನು ನೋಡಲಿಲ್ಲ, ನೋಡಬೇಕು ಎಂದೂ ಅನ್ನಿಸಲಿಲ್ಲ. ವಾಂತಿ ಆಗಲಿಲ್ಲ. ತುಟಿ ಎರಡು ಸಲ ನೆಕ್ಕಿದಳು ಅಷ್ಟೇ.

ವಿಸಾಂ ಎಂಬ ಊರಿನ ಹತ್ತಿರ ಇದ್ದೆವು. ಎರಡು ಗುಡ್ಡಗಳ ನಡುವೆ ಅಗಲವಾದ ಮರಳು ದಂಡೆ. ಬೇಸಿಗೆಯಲ್ಲಿ ಅಲ್ಲಿ ಎಷ್ಟೋ ಕಡಲತೀರಗಳಲ್ಲಿ ನಾಯಿ ಬಿಡುವುದಿಲ್ಲ, ಬೋರ್ಡ್ ನೋಡಿಯೇ ಇಳಿಯಬೇಕು. ಮೊದಲ ದಿನ ಕಾಳಿ ಅಲೆಗೆ ಬೊಗಳಿದಳು, ಎರಡನೆಯ ದಿನ ನೀರು ನೆಕ್ಕಿ ಮುಖ ಸಿಂಡರಿಸಿದಳು, ಮೂರನೆಯ ದಿನದಿಂದ ಮೊಣಕಾಲು ನೀರಿನ ತನಕ ಬಂದಳು.

ಈಗ ತಪ್ಪಿನ ವಿಷಯ. ಸೆಪ್ಟೆಂಬರ್ 6ಕ್ಕೆ ವಾಪಸ್. 4ನೇ ತಾರೀಖು ಗುರುವಾರ ಅಲ್ಲಿನ ಒಬ್ಬ ವೈದ್ಯರ ಹತ್ತಿರ ಲಾಡಿಹುಳದ ಮಾತ್ರೆ ಕೊಡಿಸಿದೆವು. ಅವರು ಬರೆದು, ಮುದ್ರೆ ಒತ್ತಿ, ಸಹಿ ಹಾಕಿದರು. ನಾವು ಖುಷಿಯಿಂದ ಬಂದೆವು. ಶನಿವಾರ ಸಂಜೆ ಕ್ಯಾಲೆಯಲ್ಲಿ ಚಿಪ್ ಓದುವ ಯಂತ್ರವನ್ನು ನಮ್ಮ ಕೈಗೇ ಕೊಟ್ಟರು. ಮಗಳು ಕಾಳಿಯ ಕತ್ತಿನ ಮೇಲೆ ಆಡಿಸಿದಳು, ಕಿಂ ಎಂದಿತು. ಗೂಡಿನಲ್ಲಿದ್ದ ಹೆಣ್ಣುಮಗಳು ಒಂದೊಂದೇ ಅಂಕಿಯನ್ನು ಬೆರಳಿಟ್ಟು ನೋಡಿದಳು. ಹದಿನೈದೂ ಸರಿ. ಪುಟ ತಿರುವಿದಳು. ಬೆರಳು ಒಂದು ಕಡೆ ನಿಂತಿತು. ತಾರೀಖು ಇತ್ತು, ಗಂಟೆ ಇರಲಿಲ್ಲ. ಆ ಜಾಗ ಖಾಲಿ.

ಎಷ್ಟು ಕೇಳಿಕೊಂಡರೂ ಆಗುವುದಿಲ್ಲ ಎಂದಳು. ಒರಟಾಗಿ ಅಲ್ಲ, ಬೇಜಾರಿನಿಂದಲೇ ಹೇಳಿದಳು. ಮೊದಲಿನ ವೈದ್ಯರ ಬಾಗಿಲು ಮುಚ್ಚಿತ್ತು. ನಾಲ್ಕೈದು ಕಡೆ ಫೋನ್ ಮಾಡಿ, ರಾತ್ರಿ ಏಳಕ್ಕೆ ಇನ್ನೊಬ್ಬ ವೈದ್ಯರು ಸಿಕ್ಕರು. ಮತ್ತೆ ಮಾತ್ರೆ, ಮತ್ತೆ ಬರಹ. ಈ ಸಲ ಗಂಟೆ ನಿಮಿಷ ಎರಡೂ ಬರೆಸಿದೆವು. ಮತ್ತೆ 24 ತಾಸು. ಒಂದು ರಾತ್ರಿಯ ಹೋಟೆಲ್, ಹೊಸ ಟಿಕೆಟ್ಟು. ಭಾನುವಾರ ರಾತ್ರಿಯ ಹಡಗಿನಲ್ಲಿ ಬಂದೆವು. ಪುಣ್ಯಕ್ಕೆ ಲಾಂಜ್‌ನಲ್ಲಿ ಜಾಗ ಇತ್ತು.

ಡಾಕ್ಟ್ರೇ, ನೀವು ಗಂಟೆ ಬರೆಯಬೇಕು ಎಂದು ಜುಲೈನಲ್ಲೇ ಬರೆದಿದ್ದೀರಿ. ನಾನು ಓದಿದ್ದೆ. ಆದರೆ ಆ ಕಾಗದವನ್ನು ಅಲ್ಲೇ ನಿಂತು ಒಂದು ಸಲ ಓದಲಿಲ್ಲ. ಹೋಗುವವರು ವೈದ್ಯರ ಮೇಜಿನ ಮುಂದೆಯೇ ನಿಂತು ಓದಿ. ಅವರಿಗೆ ಬೇಜಾರಾದರೂ ಪರವಾಗಿಲ್ಲ.

ಪಶುವೈದ್ಯ, ಬೀದರ್ · ಸೆಪ್ಟೆಂಬರ್ 15

ಓದಿ ನನಗೂ ಕೆಟ್ಟದಾಯಿತು ಅಮ್ಮ. ಮುಂದೆ ಹೋಗುವವರಿಗೆ ಒಂದು ಉಪಾಯ. ನಾಲ್ಕು ದಿನದ ಒಳಗಿನ ಪ್ರವಾಸ ಆದರೆ ಬ್ರಿಟನ್ ಬಿಡುವ ಮುಂಚೆಯೇ ಅಲ್ಲಿನ ವೈದ್ಯರಿಂದ ಲಾಡಿಹುಳದ ಔಷಧಿ ಕೊಡಿಸಿ ಬರೆಸಿಕೊಳ್ಳಬಹುದು. ವಾಪಸ್ ಮುಟ್ಟುವಾಗ 24 ತಾಸು ಆಗಿದ್ದು, 120 ತಾಸಿನ ಒಳಗಿದ್ದರೆ ಸಾಕು. ಫ್ರಾನ್ಸಿನಲ್ಲಿ ವೈದ್ಯರನ್ನು ಹುಡುಕುವ ಕೆಲಸವೇ ಇಲ್ಲ.

ಕಾಳಿಯ ಮೈಮೇಲೆ ರಕ್ತ ಹೀರುವ ಉಣುಗು ಹತ್ತಿದೆಯಾ ಎಂದು ಕಿವಿಯೊಳಗೆ, ಬೆರಳ ಸಂದಿಯಲ್ಲಿ ಒಂದು ವಾರ ನೋಡುತ್ತಿರಿ. ಆ ಕಡೆಯ ಉಣುಗಿನಿಂದ ರಕ್ತದ ಜ್ವರ ಬರುವುದುಂಟು. ಮೂತ್ರ ಕೆಂಪಾದರೆ, ಮಂಕಾದರೆ ತಡ ಮಾಡಬೇಡಿ.

ಸುರಪುರದವ · ಸೆಪ್ಟೆಂಬರ್ 15

ಅಕ್ಕಾರೇ, ಅಳಿಯಂದಿರು ಎತ್ತಿಕೊಂಡರಲ್ಲ, ಅದನ್ನು ಎರಡು ಸಲ ಓದಿದೆ. ಒಯ್ದದ್ದು ಸರಿಯಾಯಿತು. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಶಹಾಬಾದ್ ಕಲ್ಲು · ಸೆಪ್ಟೆಂಬರ್ 16

ಅಕ್ಕಾರೇ, ನಮ್ಮ ನಾಯಿಗೆ ಜುಲೈ 14ಕ್ಕೆ ಚಿಪ್, ಅದೇ ದಿನ ಚಿಪ್ ಓದಿಸಿದ ಮೇಲೆ ಇಂಜೆಕ್ಷನ್ ಆಯಿತು. ಆಗಸ್ಟ್ 18ಕ್ಕೆ ರಕ್ತ ತೆಗೆದರು. ಫಲಿತಾಂಶ ಇನ್ನೂ ಬರಬೇಕು. ನಿಮ್ಮ ಹಳೆಯ ಕಾಗದಗಳನ್ನು ಒಮ್ಮೆ ನೋಡಬಹುದಾ? ಯಾವ ಕಾಲಂನಲ್ಲಿ ಏನು ಬರೆಯುತ್ತಾರೆ ಎಂದು ಗೊತ್ತಾದರೆ ಧೈರ್ಯ.

ಗಂಜಿನ ಅಕ್ಕ · ಸೆಪ್ಟೆಂಬರ್ 16

ನೋಡಬಹುದು ತಮ್ಮಾ. ದೇವರ ಕೋಣೆಯ ಪಕ್ಕದ ಅಲಮಾರದಲ್ಲಿ ಹಳದಿ ಫೈಲು ಇದೆ, ಮೇಲೆ ಕಾಳಿ ಎಂದು ಬರೆದಿದೆ. ನಮ್ಮ ಮೈದುನ ಮನೆಯಲ್ಲೇ ಇದ್ದಾರೆ, ಫೋನ್ ಮಾಡಿ ಹೇಳಿರುತ್ತೇನೆ. ಭಾನುವಾರ ಹೋಗಿ ಝೆರಾಕ್ಸ್ ಮಾಡಿಸಿಕೊಂಡು ವಾಪಸ್ ಇಟ್ಟುಬಿಡು. ಅದರಲ್ಲಿ ಆಗಸ್ಟ್ 2022ರ ಪುಟಕ್ಕೆ ಕೆಂಪು ಗೆರೆ ಎಳೆದಿದ್ದೇನೆ, ಅದು ತಪ್ಪಾದ ಪುಟ. ಅದರ ನಂತರದ ಡಿಸೆಂಬರ್ ಪುಟ ನೋಡು.